ಹಳೆಯ ಲೈಂಗಿಕ ದೌರ್ಜನ್ಯ ಪ್ರಕರಣಗಳಲ್ಲಿ ಸರ್ಕಾರಿ ಪರಿಹಾರ: ಗ್ರಾಮ ಪಂಚಾಯಿತಿ ಸದಸ್ಯರು ತಿಳಿದಿರಬೇಕಾದ ಅಂಶಗಳು

ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಅನೇಕರು ಅದನ್ನು ಬಾಯಿಬಿಟ್ಟು ಹೇಳುವುದು ಹಲವು ವರ್ಷಗಳ ನಂತರ. ದೌರ್ಜನ್ಯ ಎಸಗಿದವನು ಮನೆಯವನೋ, ನೆಂಟನೋ, ಕೂಲಿ ಕೊಡುವ ಮಾಲೀಕನೋ, ಪಾಠ ಹೇಳುವವನೋ ಆಗಿದ್ದಾಗ ಮಗುವಿಗೆ ಹೇಳಿಕೊಳ್ಳಲು ಬೇರೆ ದಾರಿಯಿರುವುದಿಲ್ಲ. ಮದುವೆಯಾದ ಮೇಲೆ, ಅನಾರೋಗ್ಯ ಕಾಡಿದಾಗ, ಅಥವಾ ತನ್ನದೇ ಮಗು ಆ ವಯಸ್ಸಿಗೆ ಬಂದಾಗ ಮಾತು ಹೊರಬರುತ್ತದೆ. ಹಳ್ಳಿಗಳಲ್ಲಿ ಅದು ಮೊದಲು ತಲುಪುವುದು ಆಶಾ ಕಾರ್ಯಕರ್ತೆಯನ್ನು, ಅಂಗನವಾಡಿ ಕಾರ್ಯಕರ್ತೆಯನ್ನು ಅಥವಾ ವಾರ್ಡಿನ ಪಂಚಾಯಿತಿ ಸದಸ್ಯರನ್ನು. ಆಗ ಸಿಗುವ ಉತ್ತರ “ಆದದ್ದು ಆಗಿಹೋಯಿತು, ಈಗ ಏನೂ ಮಾಡಲಾಗದು” ಎಂಬುದಾಗಿದ್ದರೆ ಅದು ಕಾನೂನಿನ ದೃಷ್ಟಿಯಲ್ಲಿ ತಪ್ಪು ಉತ್ತರ. ಆ ಒಂದು ಮಾತಿನಿಂದ ಸಂತ್ರಸ್ತರು ತಮಗೆ ನ್ಯಾಯವಾಗಿ ಸಲ್ಲಬೇಕಾದ ಲಕ್ಷಾಂತರ ರೂಪಾಯಿಗಳ ಪರಿಹಾರವನ್ನೂ ಉಚಿತ ಚಿಕಿತ್ಸೆಯನ್ನೂ ಕಳೆದುಕೊಳ್ಳಬಹುದು. ಸರಿಯಾದ ಉತ್ತರ ಯಾವುದು ಎಂಬುದನ್ನು ಈ ಲೇಖನವು ವಿವರಿಸುತ್ತದೆ.

ಪರಿಹಾರ ಕೊಡುವವರು ಯಾರು?

ಈ ಪರಿಹಾರವನ್ನು ನೀಡುವುದು ಸರ್ಕಾರ; ಆರೋಪಿಯಲ್ಲ. ದಂಡ ಪ್ರಕ್ರಿಯಾ ಸಂಹಿತೆಗೆ 357ಎ ಕಲಮನ್ನು ಸೇರಿಸಿದ ತಿದ್ದುಪಡಿಯು 2009ರ ಡಿಸೆಂಬರ್ 31ರಂದು ಜಾರಿಗೆ ಬಂದಿತು. ಅಪರಾಧದಿಂದ ನಷ್ಟ ಅನುಭವಿಸಿದವರ ಪುನರ್ವಸತಿಗಾಗಿ ಪ್ರತಿಯೊಂದು ರಾಜ್ಯವೂ ನಿಧಿಯೊಂದನ್ನು ಸ್ಥಾಪಿಸಿ ಯೋಜನೆ ರೂಪಿಸಬೇಕೆಂದು ಅದು ವಿಧಿಸಿತು. ಅದರಂತೆ ನಮ್ಮ ರಾಜ್ಯದಲ್ಲಿ ಕರ್ನಾಟಕ ಸಂತ್ರಸ್ತರ ಪರಿಹಾರ ಯೋಜನೆ, 2011 ರೂಪುಗೊಂಡಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 396ನೇ ಕಲಮಿನಲ್ಲಿ ಇದೇ ಹಕ್ಕು ಮುಂದುವರಿದಿದೆ.

ಅರ್ಜಿಯನ್ನು ವಿಚಾರಣೆ ಮಾಡಿ ಮೊತ್ತ ನಿಗದಿಪಡಿಸುವುದು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ. ಇದರ ಕಚೇರಿ ಸಾಮಾನ್ಯವಾಗಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುತ್ತದೆ. ಅರ್ಜಿ ತಲುಪಿದ ಎರಡು ತಿಂಗಳೊಳಗೆ ಪ್ರಾಧಿಕಾರವು ವಿಚಾರಣೆ ಮುಗಿಸಬೇಕೆಂದು ಕಾನೂನು ಹೇಳುತ್ತದೆ. ಬಾಲ್ಯದಲ್ಲಿ ನಡೆದ ದೌರ್ಜನ್ಯವು ಪೋಕ್ಸೊ ಕಾಯ್ದೆಯಡಿ ಬಂದರೆ, ವಿಶೇಷ ನ್ಯಾಯಾಲಯವೇ ನೇರವಾಗಿ ಪರಿಹಾರ ಆದೇಶಿಸಬಹುದು. ಆದೇಶ ಕೈಸೇರಿದ 30 ದಿನಗಳೊಳಗೆ ರಾಜ್ಯ ಸರ್ಕಾರ ಹಣ ಪಾವತಿಸಬೇಕೆಂಬುದು ಪೋಕ್ಸೊ ನಿಯಮಗಳು, 2020ರ 9ನೇ ನಿಯಮ.

ಶಿಕ್ಷೆಯಾಗದಿದ್ದರೂ ಪರಿಹಾರ ಉಂಟೇ?

ಉಂಟು. ಆರೋಪಿಗೆ ಶಿಕ್ಷೆಯಾದರೆ ಮಾತ್ರ ಪರಿಹಾರ ಎಂಬ ನಂಬಿಕೆ ಸದಸ್ಯರಲ್ಲಿಯೂ ವ್ಯಾಪಕವಾಗಿದೆ. ಕಾನೂನು ಹಾಗೆ ಹೇಳುವುದಿಲ್ಲ. ಪ್ರಕರಣವು ಖುಲಾಸೆಯಲ್ಲಿ ಕೊನೆಗೊಂಡರೂ, ಆರೋಪಿ ಪತ್ತೆಯಾಗದೆ ವಿಚಾರಣೆಯೇ ನಡೆಯದಿದ್ದರೂ, ಸಂತ್ರಸ್ತರಿಗೆ ಪುನರ್ವಸತಿಯ ಅಗತ್ಯವಿದ್ದಲ್ಲಿ ಪರಿಹಾರಕ್ಕೆ ಅವಕಾಶವಿದೆ. ಪೋಕ್ಸೊ ಪ್ರಕರಣದಲ್ಲಿ ಪ್ರಥಮ ವರ್ತಮಾನ ವರದಿ (ಎಫ್.ಐ.ಆರ್.) ದಾಖಲಾದ ನಂತರ ಯಾವ ಹಂತದಲ್ಲಿಯಾದರೂ ನ್ಯಾಯಾಲಯವು ಮಧ್ಯಂತರ ಪರಿಹಾರ ನೀಡಬಹುದು. ಪ್ರಕರಣ ಮುಗಿಯುವವರೆಗೆ ಸಂತ್ರಸ್ತರು ಕೈಕಟ್ಟಿ ಕುಳಿತಿರಬೇಕಾಗಿಲ್ಲ.

ಎರಡು ಕಾಲಮಿತಿಗಳನ್ನು ಬೇರೆ ಬೇರೆಯಾಗಿ ನೋಡತಕ್ಕದ್ದು

ಹಳೆಯ ಪ್ರಕರಣಗಳಲ್ಲಿ ಗೊಂದಲ ಹುಟ್ಟುವುದು ದೂರಿನ ಕಾಲಮಿತಿಯನ್ನೂ ಪರಿಹಾರದ ಅರ್ಜಿಯ ಕಾಲಮಿತಿಯನ್ನೂ ಒಂದೇ ಎಂದು ಭಾವಿಸುವುದರಿಂದ.

ಮೊದಲನೆಯದು ದೂರಿನ ಕಾಲಮಿತಿ. ಮೂರು ವರ್ಷಕ್ಕಿಂತ ಹೆಚ್ಚಿನ ಸೆರೆವಾಸ ವಿಧಿಸಬಹುದಾದ ಅಪರಾಧಗಳಿಗೆ ಕಾಲಮಿತಿ ಇಲ್ಲ. ಅತ್ಯಾಚಾರಕ್ಕೆ ಎಂದೂ ಕಾಲಮಿತಿ ಇರಲಿಲ್ಲ. ಪೋಕ್ಸೊ ಕಾಯ್ದೆಯಡಿ ವರದಿ ಮಾಡಲು ಕಾಲಮಿತಿ ಇಲ್ಲವೆಂದು, ಬಾಲ್ಯದಲ್ಲಿ ದೌರ್ಜನ್ಯಕ್ಕೆ ಒಳಗಾದವರು ಈಗ ಯಾವ ವಯಸ್ಸಿನವರಾಗಿದ್ದರೂ ದೂರು ನೀಡಬಹುದೆಂದು ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು 2018ರ ಅಕ್ಟೋಬರ್‌ನಲ್ಲಿ ಸ್ಪಷ್ಟಪಡಿಸಿದೆ. ಕಡಿಮೆ ಶಿಕ್ಷೆಯ ಹಳೆಯ ಅಪರಾಧಗಳಿಗೆ ಮಾತ್ರ ಕಾಲಮಿತಿ ಅನ್ವಯಿಸುತ್ತದೆ. ಅಲ್ಲಿಯೂ ಸಕಾರಣವಿದ್ದರೆ ವಿಳಂಬವನ್ನು ಮನ್ನಿಸುವ ಅಧಿಕಾರ ನ್ಯಾಯಾಲಯಕ್ಕಿದೆ.

ಎರಡನೆಯದು ಪರಿಹಾರದ ಅರ್ಜಿಯ ಕಾಲಮಿತಿ. ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರವು 2018ರಲ್ಲಿ ರೂಪಿಸಿದ ಮಹಿಳಾ ಸಂತ್ರಸ್ತರ ಪರಿಹಾರ ಯೋಜನೆಯ ಪ್ರಕಾರ, ಘಟನೆ ನಡೆದ ದಿನದಿಂದ ಅಥವಾ ನ್ಯಾಯಾಲಯದ ವಿಚಾರಣೆ ಮುಗಿದ ದಿನದಿಂದ ಮೂರು ವರ್ಷಗಳೊಳಗೆ ಅರ್ಜಿ ಸಲ್ಲಿಸಬೇಕು. “ಅಥವಾ” ಎಂಬ ಪದವನ್ನು ಸದಸ್ಯರು ಗಮನಿಸಬೇಕು. ಇಂದು ದೂರು ದಾಖಲಾಗಿ ವಿಚಾರಣೆ ನಡೆದರೆ, ಮೂರು ವರ್ಷದ ಲೆಕ್ಕವು ಆ ವಿಚಾರಣೆ ಮುಗಿದ ದಿನದಿಂದ ಆರಂಭವಾಗುತ್ತದೆ. ಅದೂ ಮೀರಿದ್ದರೆ, ಅರ್ಹ ಸಂದರ್ಭಗಳಲ್ಲಿ ಕಾರಣಗಳನ್ನು ದಾಖಲಿಸಿ ವಿಳಂಬವನ್ನು ಮನ್ನಿಸಲು ಪ್ರಾಧಿಕಾರಕ್ಕೆ ಅಧಿಕಾರವಿದೆ. ಅದಕ್ಕಾಗಿ ಪ್ರತ್ಯೇಕ ಮನವಿ ಸಲ್ಲಿಸಬೇಕು. ಘಟನೆಯ ಕಾಲದಲ್ಲಿ ತಾನು ಮಗುವಾಗಿದ್ದುದು, ಆರೋಪಿ ಒಂದೇ ಮನೆಯಲ್ಲಿದ್ದುದು, ಬೆದರಿಕೆ, ಅನ್ನ-ಆಶ್ರಯಕ್ಕೆ ಅವನನ್ನೇ ಅವಲಂಬಿಸಿದ್ದುದು, ಮಾನಸಿಕ ಚಿಕಿತ್ಸೆ ಪಡೆಯುತ್ತಿರುವುದು ಇವೆಲ್ಲವೂ ಅದರಲ್ಲಿ ಬರೆಯಬಹುದಾದ ಕಾರಣಗಳು.

ಯಾವ ವರ್ಷದ ಘಟನೆಗೆ ಯಾವ ಕಾನೂನು?

2012ರ ನವೆಂಬರ್ 14 ಅಥವಾ ಅನಂತರ 18 ವರ್ಷದೊಳಗಿನವರ ಮೇಲೆ ನಡೆದ ದೌರ್ಜನ್ಯಕ್ಕೆ ಪೋಕ್ಸೊ ಅನ್ವಯವಾಗುತ್ತದೆ. ಇದರಲ್ಲಿ ಹೆಣ್ಣು-ಗಂಡು ಎಂಬ ಭೇದವಿಲ್ಲ. ಅದಕ್ಕೂ ಹಿಂದಿನ ಘಟನೆಗಳಿಗೆ ಆ ಕಾಲದಲ್ಲಿ ಜಾರಿಯಲ್ಲಿದ್ದ ಭಾರತೀಯ ದಂಡ ಸಂಹಿತೆ ಅನ್ವಯವಾಗುತ್ತದೆ.

2009ರ ಡಿಸೆಂಬರ್‌ಗೂ ಮೊದಲು, ಅಂದರೆ ಪರಿಹಾರದ ಕಲಮೇ ಇಲ್ಲದ ಕಾಲದಲ್ಲಿ ನಡೆದ ಘಟನೆಗೆ ಪರಿಹಾರ ಕೇಳಬಹುದೇ? 2020ರಲ್ಲಿ ಕೇರಳ ಉಚ್ಚ ನ್ಯಾಯಾಲಯವು ಇಂತಹ ಪ್ರಶ್ನೆಗೆ ಕೇಳಬಹುದು ಎಂದೇ ಉತ್ತರಿಸಿದೆ. ಸಂತ್ರಸ್ತರ ಪುನರ್ವಸತಿ ಕಲ್ಯಾಣ ಕ್ರಮವಾದ್ದರಿಂದ, ಕಲಮು ಜಾರಿಯಾಗುವ ಮೊದಲಿನ ಅಪರಾಧಗಳ ಸಂತ್ರಸ್ತರೂ ಅರ್ಹರೆಂಬುದು ಆ ತೀರ್ಪಿನ ಸಾರ. ಅದು ಕರ್ನಾಟಕದ ಪ್ರಾಧಿಕಾರಗಳನ್ನು ಕಟ್ಟುನಿಟ್ಟಾಗಿ ಬದ್ಧಗೊಳಿಸುವುದಿಲ್ಲವಾದರೂ, ಅರ್ಜಿಯಲ್ಲಿ ಮಂಡಿಸಲು ಗಟ್ಟಿಯಾದ ಆಧಾರವಾಗಿದೆ.

ಮೊತ್ತ ಎಷ್ಟು, ಹೇಗೆ ಪಾವತಿ?

2018ರ ಯೋಜನೆಯ ಅನುಸೂಚಿಯಂತೆ ಅತ್ಯಾಚಾರಕ್ಕೆ 4 ಲಕ್ಷದಿಂದ 7 ಲಕ್ಷ ರೂಪಾಯಿ, ಸಾಮೂಹಿಕ ಅತ್ಯಾಚಾರಕ್ಕೆ 5 ಲಕ್ಷದಿಂದ 10 ಲಕ್ಷ ರೂಪಾಯಿ ಪರಿಹಾರವಿದೆ. ಸಂತ್ರಸ್ತೆ ಅಪ್ರಾಪ್ತರಾಗಿದ್ದರೆ ಈ ಮೊತ್ತಕ್ಕೆ ಶೇ. 50ರಷ್ಟು ಹೆಚ್ಚುವರಿ ಸೇರುತ್ತದೆ. ಇದೇ ಯೋಜನೆಯನ್ನು 2018ರ ಅಕ್ಟೋಬರ್ 2ರಿಂದ ಪೋಕ್ಸೊ ವಿಶೇಷ ನ್ಯಾಯಾಲಯಗಳು ಮಾರ್ಗಸೂಚಿಯಾಗಿ ಅನುಸರಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು ನಿಪುಣ್ ಸಕ್ಸೇನಾ ಪ್ರಕರಣದಲ್ಲಿ ನಿರ್ದೇಶಿಸಿತು.

ಪೋಕ್ಸೊ ಪ್ರಕರಣದಲ್ಲಿ ಮೊತ್ತ ನಿರ್ಧರಿಸುವಾಗ ನ್ಯಾಯಾಲಯವು ದೇಹಕ್ಕೂ ಮನಸ್ಸಿಗೂ ಆದ ಹಾನಿ, ಚಿಕಿತ್ಸೆಯ ವೆಚ್ಚ, ಶಾಲೆ ಬಿಟ್ಟುದರಿಂದ ಆದ ನಷ್ಟ, ಕೆಲಸ ಕಳೆದುಕೊಂಡುದು, ಆರೋಪಿಯೊಂದಿಗಿನ ಸಂಬಂಧ, ದೌರ್ಜನ್ಯ ಒಮ್ಮೆ ನಡೆಯಿತೇ ಅಥವಾ ದೀರ್ಘಕಾಲ ಮುಂದುವರಿಯಿತೇ, ಕುಟುಂಬದ ಆರ್ಥಿಕ ಸ್ಥಿತಿ ಮುಂತಾದವನ್ನು ಪರಿಶೀಲಿಸುತ್ತದೆ. ಹಳೆಯ ಪ್ರಕರಣಗಳಲ್ಲಿ ಇವುಗಳ ದಾಖಲೆ ಅತ್ಯಂತ ಮುಖ್ಯ. ಏಳನೇ ತರಗತಿಯಲ್ಲಿ ಶಾಲೆ ಬಿಟ್ಟ ಬಾಲಕಿಯ ಹೆಸರು ಶಾಲೆಯ ಹಾಜರಾತಿ ಪುಸ್ತಕದಲ್ಲಿ ಯಾವ ತಿಂಗಳಿನಿಂದ ಕಾಣೆಯಾಯಿತು ಎಂಬುದೂ ಸಾಕ್ಷ್ಯವಾಗಬಲ್ಲದು.

2018ರ ಯೋಜನೆಯಂತೆ ಮಂಜೂರಾದ ಹಣದಲ್ಲಿ ಶೇ. 75ರಷ್ಟನ್ನು ಸಂತ್ರಸ್ತೆಯ ಹೆಸರಿನಲ್ಲಿ ಕನಿಷ್ಠ ಮೂರು ವರ್ಷ ನಿಶ್ಚಿತ ಠೇವಣಿಯಾಗಿಟ್ಟು, ಉಳಿದುದನ್ನು ತಕ್ಷಣದ ಬಳಕೆಗೆ ನೀಡಲಾಗುತ್ತದೆ. ಅಪ್ರಾಪ್ತರಾದರೆ ಠೇವಣಿಯ ಪ್ರಮಾಣ ಶೇ. 80. ಶಿಕ್ಷಣ, ಚಿಕಿತ್ಸೆಯಂತಹ ತುರ್ತು ಅಗತ್ಯವಿದ್ದಲ್ಲಿ ಅವಧಿಗೆ ಮುನ್ನ ಹಣ ಪಡೆಯಲು ಅವಕಾಶವಿದೆ. ಖಾತೆ ಸಂತ್ರಸ್ತೆಯ ಹೆಸರಿನಲ್ಲಿಯೇ ಇರಬೇಕು. ಗಂಡನ ಅಥವಾ ಅಣ್ಣನ ಖಾತೆಯ ವಿವರ ಕೊಡುವ ಪರಿಪಾಠವನ್ನು ಸದಸ್ಯರು ಆರಂಭದಲ್ಲಿಯೇ ತಡೆಯಬೇಕು.

ಸಂತ್ರಸ್ತರು ಪರಿಶಿಷ್ಟ ಜಾತಿ ಅಥವಾ ಪರಿಶಿಷ್ಟ ಪಂಗಡದವರಾಗಿದ್ದು, ಪ್ರಕರಣವು ದೌರ್ಜನ್ಯ ತಡೆ ಕಾಯ್ದೆಯಡಿ ದಾಖಲಾದರೆ, ಸಮಾಜ ಕಲ್ಯಾಣ ಇಲಾಖೆಯ ಮೂಲಕ ಪ್ರತ್ಯೇಕ ಪರಿಹಾರವಿದೆ. 2016ರ ತಿದ್ದುಪಡಿಯಂತೆ ಅತ್ಯಾಚಾರಕ್ಕೆ ನಿಗದಿಯಾದ ಮೊತ್ತ 5 ಲಕ್ಷ ರೂಪಾಯಿ. ಅದನ್ನು ವೈದ್ಯಕೀಯ ವರದಿ, ದೋಷಾರೋಪ ಪಟ್ಟಿ ಮತ್ತು ವಿಚಾರಣೆಯ ಮುಕ್ತಾಯ ಎಂಬ ಮೂರು ಹಂತಗಳಲ್ಲಿ ಪಾವತಿಸಲಾಗುತ್ತದೆ.

ಒಂದು ಕಾಲ್ಪನಿಕ ಉದಾಹರಣೆ

ಮಹಿಳೆಯೊಬ್ಬರ ಮೇಲೆ 2014ರಲ್ಲಿ, ಅವರಿಗೆ 13 ವರ್ಷವಾಗಿದ್ದಾಗ, ಹತ್ತಿರದ ಸಂಬಂಧಿ ಅತ್ಯಾಚಾರ ಎಸಗಿದ್ದನೆಂದು ಭಾವಿಸೋಣ. ಈಗ ಅವರು ಎರಡು ಮಕ್ಕಳ ತಾಯಿ. ಅವರು ಯಾವುದೇ ಪೊಲೀಸ್ ಠಾಣೆಯಲ್ಲಿ ಇಂದೂ ದೂರು ನೀಡಬಹುದು. ಘಟನೆ ನಡೆದ ಊರಿನ ಠಾಣೆಗೇ ಹೋಗಬೇಕೆಂದಿಲ್ಲ. ಠಾಣೆಯವರು ದೂರು ಸ್ವೀಕರಿಸದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಲಿಖಿತವಾಗಿ ಕಳುಹಿಸಬಹುದು. ಆಮೇಲೆಯೂ ಕ್ರಮವಾಗದಿದ್ದರೆ ಮ್ಯಾಜಿಸ್ಟ್ರೇಟರ ಮೊರೆ ಹೋಗಬಹುದು. ಎಫ್.ಐ.ಆರ್. ಪ್ರತಿಯೊಂದಿಗೆ ಪರಿಹಾರದ ಅರ್ಜಿಯನ್ನೂ, ಅಗತ್ಯವಿದ್ದಲ್ಲಿ ವಿಳಂಬ ಮನ್ನಾ ಮನವಿಯನ್ನೂ ಸಲ್ಲಿಸಬಹುದು. ವೈದ್ಯಕೀಯ ಸಾಕ್ಷ್ಯ ಈಗ ಇರುವುದಿಲ್ಲ ನಿಜ. ಆದರೆ ನಂಬಲರ್ಹವಾದ ಸಂತ್ರಸ್ತೆಯ ಹೇಳಿಕೆಯೊಂದೇ ಸಾಕಾಗಬಹುದೆಂದು, ಸಕಾರಣವಾದ ವಿಳಂಬವು ಪ್ರಕರಣವನ್ನು ಕೆಡಿಸುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1996ರ ಗುರ್ಮಿತ್ ಸಿಂಗ್ ಪ್ರಕರಣದಲ್ಲಿಯೇ ಹೇಳಿದೆ.

ಇಲ್ಲಿ ಪಂಚಾಯಿತಿಯ ದಾಖಲೆಗೆ ವಿಶೇಷ ಬೆಲೆಯಿದೆ. ಘಟನೆಯ ವೇಳೆ ವಯಸ್ಸೆಷ್ಟು ಎಂಬುದರ ಮೇಲೆ ಅನ್ವಯಿಸುವ ಕಾನೂನೂ ಮೊತ್ತವೂ ನಿಂತಿರುತ್ತವೆ. ಬಾಲನ್ಯಾಯ ಕಾಯ್ದೆ, 2015ರ 94ನೇ ಕಲಮಿನಂತೆ ವಯಸ್ಸು ನಿರ್ಧರಿಸಲು ಮೊದಲು ಶಾಲೆಯ ಜನ್ಮದಿನಾಂಕದ ಪ್ರಮಾಣಪತ್ರ ಅಥವಾ ಮೆಟ್ರಿಕ್ ಪ್ರಮಾಣಪತ್ರ, ಅದಿಲ್ಲದಿದ್ದರೆ ಪುರಸಭೆ ಅಥವಾ ಪಂಚಾಯಿತಿ ನೀಡಿದ ಜನನ ಪ್ರಮಾಣಪತ್ರ, ಎರಡೂ ಇಲ್ಲದಿದ್ದಾಗ ಮಾತ್ರ ವೈದ್ಯಕೀಯ ಪರೀಕ್ಷೆ. ಆದುದರಿಂದ ಹಳೆಯ ವಹಿಗಳು ಗೆದ್ದಲು ಹಿಡಿಯದಂತೆ ಕಾಪಾಡುವುದು, ಕೇಳಿದಾಗ ಕಾರಣ ಕೆದಕದೆ ಪ್ರತಿ ಒದಗಿಸುವುದು ಈ ಪರಿಹಾರಕ್ಕೆ ನೇರವಾಗಿ ಸಂಬಂಧಿಸಿದ ಕರ್ತವ್ಯ.

ಸದಸ್ಯರು ಮಾಡಬೇಕಾದುದು

1. ಮಾತನ್ನು ತಾಳ್ಮೆಯಿಂದ ಕೇಳುವುದು. ವಿವರಗಳನ್ನು ಮತ್ತೆ ಮತ್ತೆ ಹೇಳಿಸದಿರುವುದು. ಸತ್ಯಾಸತ್ಯತೆಯ ತನಿಖೆ ಪೊಲೀಸರಿಗೂ ನ್ಯಾಯಾಲಯಕ್ಕೂ ಸೇರಿದ್ದು.

2. ತಾಲ್ಲೂಕು ಕಾನೂನು ಸೇವೆಗಳ ಸಮಿತಿ ಅಥವಾ ಜಿಲ್ಲಾ ಪ್ರಾಧಿಕಾರಕ್ಕೆ ದಾರಿ ತೋರುವುದು. ಮಹಿಳೆಯರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇದ್ದರೂ ವಕೀಲರ ನೆರವು ಉಚಿತ. ಉಚಿತ ಸಹಾಯವಾಣಿ 15100.

3. ತುರ್ತು ಸಂದರ್ಭದಲ್ಲಿ 112, ಮಹಿಳೆಯರಿಗಾಗಿ 181, ಮಕ್ಕಳಿಗಾಗಿ 1098, ಮಾನಸಿಕ ಆರೋಗ್ಯ ಸಲಹೆಗಾಗಿ ಟೆಲಿ-ಮಾನಸ್ 14416 ಸಂಖ್ಯೆಗಳನ್ನು ತಿಳಿಸುವುದು. ಜಿಲ್ಲೆಯ ಸಖಿ ಕೇಂದ್ರದಲ್ಲಿ ಆಪ್ತಸಮಾಲೋಚನೆ ದೊರೆಯುತ್ತದೆ. ಅತ್ಯಾಚಾರ ಸಂತ್ರಸ್ತರಿಗೆ ಸರ್ಕಾರಿ ಮತ್ತು ಖಾಸಗಿ ಆಸ್ಪತ್ರೆಗಳೆರಡೂ ಉಚಿತವಾಗಿ ಚಿಕಿತ್ಸೆ ನೀಡಬೇಕು.

4. ಸಂತ್ರಸ್ತರು ಈಗಲೂ 18 ವರ್ಷದೊಳಗಿನವರಾದರೆ, ವಿಷಯ ತಿಳಿದವರು ಪೊಲೀಸರಿಗೆ ತಿಳಿಸುವುದು ಪೋಕ್ಸೊ 19ನೇ ಕಲಮಿನಂತೆ ಕಡ್ಡಾಯ. ತಿಳಿಸದಿದ್ದರೆ ಆರು ತಿಂಗಳವರೆಗೆ ಶಿಕ್ಷೆಯಾಗಬಹುದು. ಸಂತ್ರಸ್ತರು ವಯಸ್ಕರಾಗಿದ್ದರೆ ಅವರನ್ನು ವಿಳಂಬವಿಲ್ಲದೆ ಪ್ರಾಧಿಕಾರದ ವಕೀಲರ ಬಳಿಗೆ ಕರೆದೊಯ್ದು, ಮುಂದಿನ ಕ್ರಮವನ್ನು ಆ ಸಲಹೆಯಂತೆ ಕೈಗೊಳ್ಳತಕ್ಕದ್ದು.

ಸದಸ್ಯರು ಮಾಡಬಾರದುದು

ಕಟ್ಟೆಯ ಮೇಲೆ ಕುಳಿತು ರಾಜಿ ಮಾಡಿಸುವುದು, ತಪ್ಪುಕಾಣಿಕೆ ಕೊಡಿಸುವುದು, ಆರೋಪಿಯೊಂದಿಗೆ ಮದುವೆ ಮಾಡಿಸಿ ವಿಷಯ ಮುಗಿಸುವುದು ಇವು ಯಾವುವೂ ಪಂಚಾಯಿತಿಯ ಅಧಿಕಾರವಲ್ಲ. ಅತ್ಯಾಚಾರವೂ ಪೋಕ್ಸೊ ಅಪರಾಧಗಳೂ ರಾಜಿಯಾಗತಕ್ಕ ಅಪರಾಧಗಳಲ್ಲ. ಆರೋಪಿಯ ಕಡೆಯಿಂದ ಬಂದ ಹಣವು ಸರ್ಕಾರಿ ಪರಿಹಾರವೂ ಅಲ್ಲ.

ಸಂತ್ರಸ್ತರ ಹೆಸರು, ಮನೆತನ, ಬೀದಿ, ಶಾಲೆ ಇವುಗಳಲ್ಲಿ ಯಾವುದನ್ನೂ ಗ್ರಾಮಸಭೆಯ ನಡಾವಳಿಯಲ್ಲಿ ನಮೂದಿಸಬಾರದು. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಂಚಬಾರದು. ಅತ್ಯಾಚಾರ ಸಂತ್ರಸ್ತರ ಗುರುತನ್ನು ಪ್ರಕಟಿಸುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನಡಿ ಎರಡು ವರ್ಷದವರೆಗಿನ ಸೆರೆವಾಸಕ್ಕೆ ಗುರಿಯಾಗುವ ಅಪರಾಧ. ಗ್ರಾಮ ಪಂಚಾಯಿತಿಯ ಸಾಮಾಜಿಕ ನ್ಯಾಯ ಸಮಿತಿಯು ಇಂತಹ ವಿಷಯ ಚರ್ಚಿಸಬೇಕಾಗಿ ಬಂದರೆ ಸಾಮಾನ್ಯ ಮಾಹಿತಿಗಷ್ಟೇ ಸೀಮಿತವಾಗಿರಬೇಕು.

ಅರ್ಜಿ ತಿರಸ್ಕೃತವಾದರೂ ದಾರಿ ಮುಚ್ಚುವುದಿಲ್ಲ. 2018ರ ಯೋಜನೆಯಡಿ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ತಿರಸ್ಕಾರದ ಆದೇಶದ ಪ್ರತಿಯನ್ನು ಅದೇ ದಿನ ಕೇಳಿ ಪಡೆಯುವಂತೆ ಸಂತ್ರಸ್ತರಿಗೆ ನೆನಪಿಸುವುದು ಸದಸ್ಯರಿಂದ ಆಗಬೇಕಾದ ಕೆಲಸ. ಮಕ್ಕಳ ಗ್ರಾಮಸಭೆ ಹಾಗೂ ಮಹಿಳಾ ಗ್ರಾಮಸಭೆಗಳಲ್ಲಿ ಮೇಲಿನ ಸಹಾಯವಾಣಿ ಸಂಖ್ಯೆಗಳನ್ನು ಓದಿ ಹೇಳುವುದು, ಕಚೇರಿಯ ಸೂಚನಾ ಫಲಕದಲ್ಲಿ ಜಿಲ್ಲಾ ಪ್ರಾಧಿಕಾರದ ವಿಳಾಸ ಬರೆಯಿಸುವುದು ಪಂಚಾಯಿತಿಗೆ ಖರ್ಚಿಲ್ಲದ ಕೆಲಸಗಳು. ಎಷ್ಟೋ ವರ್ಷ ಸುಮ್ಮನಿದ್ದವರು ಯಾರನ್ನೂ ಕೇಳದೆ ಆ ಫಲಕವನ್ನು ಓದಿಕೊಂಡು ಹೋಗಬಹುದು. ಆದ್ದರಿಂದ ಅದು ಕಚೇರಿಯ ಒಳಗಲ್ಲ, ಹೊರಗೋಡೆಯ ಮೇಲೆ ಇರತಕ್ಕದ್ದು.