ಗುತ್ತಲದಲ್ಲಿ ಚೀನೀ ಚಹಾ

ಧಾರವಾಡದ ಕಡೆಯವರಾದ ನಾವು ಚಹಾ ಎನ್ನುತ್ತೇವೆ. ಮೈಸೂರು ಸೀಮೆಯವರು ಟೀ ಎನ್ನುತ್ತಾರೆ. ಮೂಲದಲ್ಲಿ ಎರಡೂ ಚೀನದ ಮಾತುಗಳೇ. ಆ ದೇಶದ ಬಹುಭಾಗದಲ್ಲಿ ಈ ಎಲೆಗೆ ‘ಚಾ’ ಎಂದು ಹೆಸರು. ಫೂಜಿಯನ್ ಕರಾವಳಿಯಲ್ಲಿ ‘ತೆ’. ಡಚ್ಚರ ಹಡಗನ್ನೇರಿ ಯುರೋಪಿಗೆ ಹೋದ ‘ತೆ’ ಇಂಗ್ಲಿಷರೊಡನೆ ಮೈಸೂರಿಗೆ ಬಂದಿತು. ಹೆಸರು ಅವರದಾದರೂ ಪಾನ ಮಾತ್ರ ಅಪ್ಪಟ ನಮ್ಮದು: ಹಾಲು, ಸಕ್ಕರೆ, ಜಜ್ಜಿದ ಶುಂಠಿ, ಮತ್ತು ಬಣ್ಣ ಕೆಂಪೇರುವತನಕ ಕುದಿ.

ಈ ಅಭ್ಯಾಸಬಲದಿಂದಲೇ ನಾನೊಮ್ಮೆ ಪೇಚಿಗೆ ಸಿಕ್ಕಿದೆ. ನನ್ನಲ್ಲಿ ಓದಿದ ಹುಡುಗನೊಬ್ಬ ವ್ಯಾಪಾರಕ್ಕೆಂದು ಚೀನದ ಹಾಂಗ್‌ಝೌಗೆ ಹೋಗಿದ್ದವನು, ಅಲ್ಲಿಯ ಪ್ರಸಿದ್ಧ ಲುಂಗ್‌ಜಿಂಗ್ ಚಹಾದ ಡಬ್ಬಿಯೊಂದನ್ನು ತಂದುಕೊಟ್ಟ. ನನ್ನಾಕೆ ಮೂಸಿ ನೋಡಿ, “ಹುರದ ಬ್ಯಾಳಿ ವಾಸನಿ ಬರತೈತಲ್ರೀ, ಇದನ್ನ ಹ್ಯಾಂಗ ಮಾಡೂದು?” ಎಂದಳು. “ಚಹಾ ಅಂದಮ್ಯಾಲ ಚಹಾನ. ಹಾಲು ಹಾಕಿ ಕುದಸು” ಎಂದೆ. ಕುದಿಸಿದಳು. ಅದು ಬಚ್ಚಲಿಗೆ ಹೋಯಿತು.

ವಾರದ ಮೇಲೆ ಹುಡುಗ ಕೇಳಿದ: “ಸರ, ಚಹಾ ಹ್ಯಾಂಗಿತ್ತರಿ?” “ಭಾಳ ಛಲೋ ಇತ್ತಪಾ” ಎಂದುಬಿಟ್ಟೆ. ಸುಳ್ಳಾಡಬೇಡಿರೆಂದು ಮೂವತ್ತು ವರ್ಷ ಪಾಠ ಹೇಳಿದ ನಾಲಿಗೆಯೇ ಅದು! “ದೀಪಾವಳಿಗೆ ಬರತೀನ್ರಿ, ನಿಮ್ಮ ಕೈಯಾಗಿನ ಚಹಾ ಕುಡೀಬೇಕು” ಎಂದು ಅವನು ಹೊರಟುಹೋದ.

ಇನ್ನು ಕಲಿಯದೆ ಗತ್ಯಂತರವಿರಲಿಲ್ಲ. ಹಸಿರು ಚಹಾ, ಕಪ್ಪು ಚಹಾ, ನಡುವಿನ ಊಲಾಂಗ್ ಎಲ್ಲವೂ ಒಂದೇ ಗಿಡದ ಎಲೆಗಳೆಂದು ತಿಳಿದು ಬೆರಗಾದೆ. ಕಿತ್ತ ಎಲೆ ಬಾಡಿ, ನಲುಗಿ, ಗಾಳಿ ತಾಕಿದಂತೆ ಕಪ್ಪಾಗುತ್ತದೆ. ಕೂಡಲೆ ಕಾದ ಬಾಣಲೆಯಲ್ಲಿ ಹುರಿದರೆ ಹಸಿರಾಗಿಯೇ ಉಳಿಯುತ್ತದೆ. ಲುಂಗ್‌ಜಿಂಗ್ ಹೀಗೆ ಹುರಿದು ಚಪ್ಪಟೆಯಾದ ಎಲೆ. ಏಪ್ರಿಲ್ ಮೊದಲ ವಾರಕ್ಕೆ ಮುನ್ನ ಬಿಡಿಸಿದ ಚಿಗುರಿಗೆ ಬೆಲೆ ಹೆಚ್ಚು. ಅಂಗಡಿಯ ನಮ್ಮ ಚಹಾಪುಡಿಯಾದರೋ 1930ರ ದಶಕದಲ್ಲಿ ಅಸ್ಸಾಮಿನಲ್ಲಿ ಹುಟ್ಟಿದ ಯಂತ್ರವಿಧಾನದಿಂದ ಹರಿದು, ಉರುಳಿಸಿ ಮಾಡಿದ್ದು. ಹಾಲಿಗೆ ಎದುರು ನಿಲ್ಲುವ ಕಸುವು ಅದಕ್ಕುಂಟು, ಈ ಚಿಗುರಿಗಿಲ್ಲ.

ಒಳ್ಳೆಯ ಎಲೆ ಇಡಿಯಾಗಿರಬೇಕು, ಡಬ್ಬಿಯ ತಳದಲ್ಲಿ ಹುಡಿ ಕಡಿಮೆಯಿರಬೇಕು. ಸುತ್ತಲಿನ ವಾಸನೆಯನ್ನೆಲ್ಲ ಅದು ಹೀರಿಕೊಳ್ಳುತ್ತದೆ. ಬ್ಯಾಡಗಿ ಮೆಣಸಿನಕಾಯಿಯ ಸೀಮೆಯಲ್ಲಿ ಇದು ಸಣ್ಣ ಸಂಗತಿಯಲ್ಲ! ಡಬ್ಬಿ ಅಡಿಗೆಮನೆಯಿಂದ ನನ್ನ ಪುಸ್ತಕದ ಕಪಾಟಿಗೆ ಬಂದಿತು.

ನೀರಿನದು ದೊಡ್ಡ ತೊಡಕು. ಎಂಟನೆಯ ಶತಮಾನದಲ್ಲಿ ಚಹಾದ ಬಗ್ಗೆಯೇ ಗ್ರಂಥ ಬರೆದ ಲು ಯು, ಬೆಟ್ಟದ ನೀರು ಉತ್ತಮ, ಹೊಳೆಯದು ಮಧ್ಯಮ, ಬಾವಿಯದು ಅಧಮ ಎಂದಿದ್ದಾನೆ. ನಮ್ಮ ಮನೆಯ ಕೊಳವೆಬಾವಿಯ ನೀರು ಸವಳು. ಬೆಟ್ಟವನ್ನೆಲ್ಲಿಂದ ತರಲಿ? ಮಧ್ಯಮವಾದರೂ ಇರಲೆಂದು ಚೌಡದಾನಪುರಕ್ಕೆ ಹೋಗಿ, ಮುಕ್ತೇಶ್ವರನ ಗುಡಿಯ ಬಳಿ ತುಂಗಭದ್ರೆಯಿಂದ ಒಂದು ಕ್ಯಾನು ತುಂಬಿಕೊಂಡು ಬಂದೆ. ಗುತ್ತವೊಳಲಿನ ಅರಸರು ನಡೆದುಕೊಂಡ ದೇವರ ಸನ್ನಿಧಿಯಲ್ಲಿ ಪ್ಲಾಸ್ಟಿಕ್ ಕ್ಯಾನು ಹಿಡಿದು ನಿಂತ ಮುದುಕನನ್ನು ಕಂಡು ದನ ಕಾಯುವ ಹುಡುಗರು ನಕ್ಕರು.

ನೀರನ್ನು ಸೋಸಿ, ಮರಳಿಸಿ, ಇಳಿಸಿ, ಕೆಲವು ನಿಮಿಷ ಆರಗೊಟ್ಟೆ. ಹಸಿರೆಲೆಗೆ ಎಂಬತ್ತು ಡಿಗ್ರಿಯ ಕಾವು ಸಾಕು, ಕುದಿನೀರು ತಾಗಿದರೆ ಕಹಿ ಬಿಡುತ್ತದೆ. ಗಾಜಿನ ಲೋಟಕ್ಕೆ ಸುಮಾರು ಮೂರು ಗ್ರಾಂ ಎಲೆ, ಎರಡು ನಿಮಿಷ. ಬಾಡಿದ್ದ ಚಿಗುರುಗಳು ಅರಳಿ, ನೆಟ್ಟಗೆ ನಿಂತು, ಮೆಲ್ಲನೆ ತಳಕ್ಕಿಳಿದವು. ಎಳೆಬಿಸಿಲಿನ ಬಣ್ಣ. ಮೊದಲ ಗುಟುಕಿನಲ್ಲಿ ಏನೂ ಇಲ್ಲವೆನಿಸಿತು; ನುಂಗಿದ ಮೇಲೆ ಗಂಟಲಿನಲ್ಲೊಂದು ಸಿಹಿ ಉಳಿಯಿತು. ಅದೇ ಎಲೆಗೆ ಮತ್ತೆ ನೀರೆರೆದರೆ ರುಚಿ ಇನ್ನೂ ಬಿಚ್ಚಿಕೊಂಡಿತು.

ದೀಪಾವಳಿಗೆ ಹುಡುಗ ಬಂದ. ಲೋಟವನ್ನು ಅವನ ಕೈಗಿತ್ತು, ಮೊದಲ ಸಲ ಮಾಡಿದ ಅವಾಂತರವನ್ನೂ ಆಡಿದ ಸುಳ್ಳನ್ನೂ ಒಪ್ಪಿಕೊಂಡೆ. ಅವನು ನಕ್ಕು, “ನಮ್ಮವ್ವನೂ ಹಾಲು ಹಾಕೇ ಕುದಿಸಿದ್ಲರಿ ಸರ” ಎಂದ. ನನ್ನಾಕೆಯೂ ತನ್ನ ಲೋಟವನ್ನು ಸಾವಕಾಶವಾಗಿ ಮುಗಿಸಿ ಕೆಳಗಿಟ್ಟಳು.

“ಛಲೋ ಐತಿ” ಎಂದಳು. “ಇನ್ನ ಚಹಾಕ್ಕ ಇಡಲೇನ್ರಿ?”