ಕಾಣೆಯಾದವರ ಬಾಚಣಿಗೆ ತೊಳೆಯಬೇಡಿ

ಮಹದೇಶ್ವರ ಬೆಟ್ಟದ ಜಾತ್ರೆಗೆ ಹೋದವರಿಗೆಲ್ಲ ಗೊತ್ತು. 'ಉಘೇ ಉಘೇ' ಎನ್ನುವ ಜನಸಾಗರದ ನಡುವೆ ಮೈಕಿನಲ್ಲಿ ಒಂದು ದನಿ: "ಹಳದಿ ಸೀರೆ ಉಟ್ಟ ಅಜ್ಜಿಯೊಬ್ಬರು ಇಲ್ಲಿದ್ದಾರೆ, ಸಂಬಂಧಪಟ್ಟವರು ಬಂದು ಕರಕೊಂಡು ಹೋಗಿ." ಸಂಜೆಯೊಳಗೆ ಅಜ್ಜಿ ಸಿಗುತ್ತಾರೆ, ಎಲ್ಲರೂ ನಗುತ್ತ ಹನೂರಿನ ಬಸ್ಸು ಹತ್ತುತ್ತಾರೆ. ಆದರೆ ಸಿಗದೇ ಹೋದರೆ?

ಸಿಗದವರ ಮನೆಯ ಸಂಕಟವೇ ಬೇರೆ. ಗಂಡ ಹೋಗಿ ವರ್ಷವಾದರೂ ಹೆಂಡತಿಗೆ ಕುಂಕುಮ ಇಡುವುದೋ ಬಿಡುವುದೋ ತಿಳಿಯದು. ತಿಥಿ ಮಾಡುವಂತಿಲ್ಲ, ಜಮೀನಿನ ಖಾತೆ ಬದಲಾಗುವುದಿಲ್ಲ. 7 ವರ್ಷ ಸುದ್ದಿಯೇ ಇಲ್ಲದಿದ್ದರೆ ತೀರಿಕೊಂಡರೆಂದು ಭಾವಿಸಲು ಕಾನೂನಿನಲ್ಲಿ ಅವಕಾಶವಿದೆ, ನಿಜ. ಅಲ್ಲಿಯವರೆಗೆ ಬಾಗಿಲು ಸದ್ದಾದಾಗಲೆಲ್ಲ ಎದೆ ಝಲ್ಲೆನ್ನುತ್ತದೆ.

ಈ ನಡುವೆ ಕಾವೇರಿಯ ದಡದಲ್ಲೋ ಕಾಡಿನಂಚಿನಲ್ಲೋ ಒಂದು ಶವ ಸಿಕ್ಕಿತು ಅನ್ನಿ. ಮುಖ ನೋಡಿ ಗುರುತಿಸುವಂತಿಲ್ಲ. ಹಿಂದೆಲ್ಲ ಸೀರೆಯ ಅಂಚು, ಹಚ್ಚೆ, ಕಾಲುಂಗುರ ನೋಡಿಯೇ ಹೇಳಬೇಕಿತ್ತು. ಒಂದೇ ಅಂಚಿನ ಸೀರೆ ಊರಿನಲ್ಲಿ ಹತ್ತು ಜನರ ಹತ್ತಿರ ಇರುತ್ತದಲ್ಲವೆ? ಇಂಥ ಕಡೆ ನೆರವಿಗೆ ಬರುವುದೇ ಡಿಎನ್‌ಎ ಪರೀಕ್ಷೆ.

ಅರ್ಧ ತಾಯಿಯದು, ಅರ್ಧ ತಂದೆಯದು

ನಮ್ಮ ಮೈಯ ಜೀವಕೋಶಗಳೊಳಗೆ ಎಳೆಯಂಥ ವಸ್ತುವೊಂದಿದೆ. ಅದೇ ಡಿಎನ್‌ಎ. ಅರ್ಧ ತಾಯಿಯಿಂದ, ಅರ್ಧ ತಂದೆಯಿಂದ ಬಂದದ್ದು. ಒಬ್ಬರದು ಇದ್ದಂತೆ ಇನ್ನೊಬ್ಬರದು ಇರುವುದಿಲ್ಲ. ತದ್ರೂಪಿ ಅವಳಿಗಳು ಮಾತ್ರ ಇದಕ್ಕೆ ಹೊರತು. ಇದರಿಂದ ಗುರುತು ಹಿಡಿಯುವ ದಾರಿಯನ್ನು 1984ರಲ್ಲಿ ಕಂಡುಕೊಂಡವರು ಇಂಗ್ಲೆಂಡಿನ ಅಲೆಕ್ ಜೆಫ್ರೀಸ್. ನಮ್ಮ ದೇಶದಲ್ಲಿ ಅದನ್ನು ಬೆಳೆಸಿದವರು ಹೈದರಾಬಾದಿನಲ್ಲಿದ್ದ ವಿಜ್ಞಾನಿ ಡಾ. ಲಾಲ್‌ಜಿ ಸಿಂಗ್.

ದೇಹ ಕರಗಿದರೂ ಮೂಳೆ, ಹಲ್ಲುಗಳಲ್ಲಿ ಡಿಎನ್‌ಎ ಬಹುಕಾಲ ಉಳಿಯಬಲ್ಲದು. ಅದನ್ನು ಹೆತ್ತವರ ಅಥವಾ ಮಕ್ಕಳ ರಕ್ತದೊಡನೆ ಹೋಲಿಸುತ್ತಾರೆ. ಗಂಡನ ಗುರುತಿಗೆ ಹೆಂಡತಿಯ ರಕ್ತ ಬಾರದು, ಮಕ್ಕಳದು ಬೇಕು. ಹೆತ್ತವರು ಇಲ್ಲದಿದ್ದರೆ? ತಾಯಿಯಿಂದಲೇ ಇಳಿದುಬರುವ ಇನ್ನೊಂದು ಬಗೆಯ ಡಿಎನ್‌ಎ ಇದೆ. ಹಾಗಾಗಿ ಒಡಹುಟ್ಟಿದವರು, ಸೋದರಮಾವ, ತಾಯಿಯ ಅಕ್ಕತಂಗಿಯರೂ ನೆರವಾಗಬಲ್ಲರು.

ಮಗಳು ಸುಮ್ಮನಾಗಲಿಲ್ಲ

ಬೆಂಗಳೂರಿನಲ್ಲಿ ನಡೆದ ಒಂದು ಸಂಗತಿ ಕೇಳಿ. ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗಳು ಶಾಕಿರಾ ಖಲೀಲಿ 1991ರ ಮೇ ಕೊನೆಯಲ್ಲಿ ಕಣ್ಮರೆಯಾದರು. ಎರಡನೆಯ ಗಂಡನನ್ನು ಕೇಳಿದಾಗಲೆಲ್ಲ ಒಂದೊಂದು ಕಥೆ: ಬೇರೆ ಊರಿಗೆ ಹೋಗಿದ್ದಾಳೆ, ವಿದೇಶದ ಆಸ್ಪತ್ರೆಯಲ್ಲಿದ್ದಾಳೆ. ಮಗಳು ನಂಬಲಿಲ್ಲ. 1992ರಲ್ಲಿ ಪೊಲೀಸರಿಗೆ ದೂರು ಕೊಟ್ಟರು. 1994ರ ಮಾರ್ಚ್ 30ರಂದು ಶಾಕಿರಾ ಅವರದೇ ರಿಚ್‌ಮಂಡ್ ರಸ್ತೆಯ ಮನೆಯ ಅಂಗಳ ಅಗೆದಾಗ, ಮರದ ಪೆಟ್ಟಿಗೆಯಲ್ಲಿ ಅಸ್ಥಿಪಂಜರ ಸಿಕ್ಕಿತು. ತಲೆಬುರುಡೆಯನ್ನು ಭಾವಚಿತ್ರದೊಡನೆ ಹೊಂದಿಸಿ ನೋಡಿದರು. ಡಿಎನ್‌ಎ ಪರೀಕ್ಷೆಯೂ ಆಯಿತು. ಅದು ಶಾಕಿರಾ ಅವರದೇ ದೇಹವೆಂದು ನ್ಯಾಯಾಲಯ ಒಪ್ಪಿತು. ಗಂಡನಿಗೆ 2005ರಲ್ಲಿ ಮರಣದಂಡನೆಯಾಯಿತು. 2008ರಲ್ಲಿ ಸುಪ್ರೀಂ ಕೋರ್ಟು ಅದನ್ನು ಬದುಕಿರುವವರೆಗೂ ಸೆರೆವಾಸಕ್ಕೆ ಇಳಿಸಿತು.

ವಿಜ್ಞಾನ ಕೊನೆಗೆ ಬಂದದ್ದು. ಮೊದಲು ಬಂದದ್ದು ಮಗಳ ದೂರು.

ನಮ್ಮ ಕೈಯಲ್ಲಿರುವುದು

"ಸ್ಟೇಷನ್ನಿಗೆ ಹೋದರೆ ಮನೆ ಮರ್ಯಾದೆ ಹೋಗುತ್ತೆ, ನಾಲ್ಕು ದಿನ ನೋಡೋಣ" ಅನ್ನುವವರು ಮನೆಮನೆಯಲ್ಲೂ ಇದ್ದಾರೆ. 24 ಗಂಟೆ ಕಾಯಬೇಕೆಂಬ ಕಾನೂನೇ ಇಲ್ಲ, ಸೋದರಿಯರೇ! ಕೊಳ್ಳೇಗಾಲವಾಗಲಿ, ಹನೂರು, ಯಳಂದೂರಾಗಲಿ, ಕೂಡಲೇ ಹತ್ತಿರದ ಠಾಣೆಗೆ ಹೋಗಿ, ಇಲ್ಲವೇ 112ಕ್ಕೆ ಫೋನ್ ಮಾಡಿ. ದೂರಿನ ನಕಲು ಕೇಳಿ ಪಡೆಯಿರಿ.

ಇನ್ನೊಂದು ಮಾತು. ದುಃಖದಲ್ಲೂ ಮನೆ ಗುಡಿಸಿ, ಬಟ್ಟೆ ಒಗೆದು ಅಚ್ಚುಕಟ್ಟು ಮಾಡುವುದು ನಮ್ಮ ಅಭ್ಯಾಸ. ಅಲ್ಲೇ ಗುರುತು ಅಳಿಸಿಹೋಗುತ್ತದೆ.

* ಅವರ ಹಲ್ಲುಜ್ಜುವ ಬ್ರಷ್, ಬಾಚಣಿಗೆ, ಕ್ಷೌರದ ಬ್ಲೇಡು, ಒಗೆಯದ ಒಳಉಡುಪು ತೆಗೆದಿಡಿ. ಬರಿಗೈಯಲ್ಲಿ ಮುಟ್ಟಬೇಡಿ.

* ಬುಡಸಮೇತ ಬಂದ ಕೂದಲು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಮನೆಮಂದಿಗೆಲ್ಲ ಒಂದೇ ಬಾಚಣಿಗೆಯಾದರೆ ಅದನ್ನೂ ಪೊಲೀಸರಿಗೆ ತಿಳಿಸಿ.

* ಒದ್ದೆಯಿದ್ದರೆ ನೆರಳಿನಲ್ಲಿ ಆರಿಸಿ, ಬೇರೆಬೇರೆ ಕಾಗದದ ಲಕೋಟೆಯಲ್ಲಿಡಿ. ಪ್ಲಾಸ್ಟಿಕ್ ಚೀಲ ಬೇಡ, ಬೂಷ್ಟು ಹಿಡಿಯುತ್ತದೆ. ಮೇಲೆ ಹೆಸರು, ತಾರೀಖು ಬರೆಯಿರಿ.

ಬೇಕಾದಾಗ ಇವನ್ನು ಪೊಲೀಸರೇ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸುತ್ತಾರೆ.

ಆ ಲಕೋಟೆ ತೆರೆಯುವ ಪ್ರಸಂಗವೇ ಬಾರದಿರಲಿ. ಹೋದವರು ನಾಳೆಯೇ ಬಾಗಿಲಿಗೆ ಬಂದು ನಿಂತರೆ, ಬಾಚಣಿಗೆ ತೆಗೆದು ಅವರ ಕೈಗೇ ಕೊಡಿ.