ಪನಾಮಾ ಕಾಲುವೆ: ಹಡಗಿಗಿಂತ ಮೊದಲು ನೀರನ್ನು ನೋಡಿ

ಗೊರೂರಿನ ಹೇಮಾವತಿ ಜಲಾಶಯವನ್ನೂ ಅಲ್ಲಿಂದ ಹೊರಡುವ ನಾಲೆಗಳನ್ನೂ ಕಂಡ ಹಾಸನ, ಅರಕಲಗೂಡು ಸೀಮೆಯವರಿಗೆ ಪನಾಮಾ ಕಾಲುವೆಯ ಗುಟ್ಟು ಸುಲಭವಾಗಿ ತಿಳಿದೀತು. ಇಲ್ಲಿ ನಾಲೆಯ ನೀರು ಗದ್ದೆ ತಲುಪುತ್ತದೆ. ಅಲ್ಲಿ ಅದೇ ಬಗೆಯ ಮಳೆನೀರು ಹಡಗನ್ನು ಗುಡ್ಡ ಹತ್ತಿಸುತ್ತದೆ.

ಎರಡು ಮಹಾಸಾಗರಗಳನ್ನು ಕೂಡಿಸುವ ಈ ಕಾಲುವೆಯಲ್ಲಿ ಸಮುದ್ರದ ನೀರೇ ಹರಿಯುತ್ತದೆಂದು ಹಲವರ ಭಾವನೆ. ವಾಸ್ತವ ಬೇರೆ. ಚಾಗ್ರೆಸ್ ನದಿಗೆ ಅಣೆಕಟ್ಟೆ ಕಟ್ಟಿ ನಿರ್ಮಿಸಿದ ಗಾಟುನ್ ಸರೋವರವು ಸಮುದ್ರಮಟ್ಟಕ್ಕಿಂತ ಸುಮಾರು 26 ಮೀಟರ್ ಎತ್ತರದಲ್ಲಿದೆ. ಹಡಗು 'ಲಾಕ್' ಎಂಬ ಕಾಂಕ್ರೀಟ್ ಕೊಠಡಿಯನ್ನು ಹೊಕ್ಕೊಡನೆ ಬಾಗಿಲು ಮುಚ್ಚಿ, ಮೇಲಿನ ನೀರನ್ನು ಒಳಕ್ಕೆ ಬಿಡುತ್ತಾರೆ. ಕೆರೆಯ ತೂಬಿನಂತೆ ನೀರು ತಾನಾಗಿ ಇಳಿದು ಬರುತ್ತದೆ, ಪಂಪು ಬೇಕಿಲ್ಲ. ಹಡಗು ಮೆಟ್ಟಿಲು ಮೆಟ್ಟಿಲಾಗಿ ಏರಿ, ಸರೋವರ ದಾಟಿ, ಮತ್ತೊಂದು ಬದಿಯಲ್ಲಿ ಇಳಿಯುತ್ತದೆ. 1914ರ ಆಗಸ್ಟ್ 15ರಂದು ಆರಂಭವಾದ, ಸುಮಾರು 80 ಕಿ.ಮೀ. ಉದ್ದದ ಈ ಹಾದಿಯನ್ನು ಕ್ರಮಿಸಲು 8ರಿಂದ 10 ಗಂಟೆ ಬೇಕು.

ಎಲ್ಲಿ, ಯಾವಾಗ?

ಪನಾಮಾ ನಗರದ ಸಮೀಪವಿರುವ ಮಿರಾಫ್ಲೋರೆಸ್ ವೀಕ್ಷಣಾ ಕೇಂದ್ರ ಪ್ರವಾಸಿಗರಿಗೆ ಅನುಕೂಲಕರ. ನಡುಹಗಲಿನಲ್ಲಿ ಅಲ್ಲಿ ಹಡಗುಗಳ ಓಡಾಟ ವಿರಳ; ಬೆಳಿಗ್ಗೆ ಅಥವಾ ಮಧ್ಯಾಹ್ನ ಎರಡರ ಅನಂತರ ಹೋಗುವುದು ಲೇಸು. 2016ರಲ್ಲಿ ಬಳಕೆಗೆ ಬಂದ ದೊಡ್ಡ ಲಾಕ್‌ಗಳನ್ನು ನೋಡಲು ಅಟ್ಲಾಂಟಿಕ್ ಬದಿಯ ಆಗುವಾ ಕ್ಲಾರಾಕ್ಕೆ ಹೋಗಬೇಕು. ಡಿಸೆಂಬರ್ ನಡುವಿನಿಂದ ಏಪ್ರಿಲ್‌ವರೆಗೆ ಅಲ್ಲಿ ಒಣಹವೆ. ಹೊರಡುವ ಕನಿಷ್ಠ 10 ದಿನ ಮುಂಚೆ ಹಳದಿ ಜ್ವರದ ಲಸಿಕೆ ಪಡೆದು ಪ್ರಮಾಣಪತ್ರ ಇಟ್ಟುಕೊಳ್ಳುವುದನ್ನು ಮರೆಯಬಾರದು. ಪನಾಮಾದಿಂದ ಭಾರತಕ್ಕೆ ಮರಳುವವರನ್ನು ವಿಮಾನ ನಿಲ್ದಾಣದಲ್ಲಿ ಅದಕ್ಕಾಗಿ ಕೇಳುತ್ತಾರೆ.

ನೀರಿನ ಲೆಕ್ಕ

ಒಂದು ಹಡಗು ದಾಟಿದರೆ ಸುಮಾರು 20 ಕೋಟಿ ಲೀಟರ್ ಸಿಹಿನೀರು ಸಮುದ್ರ ಸೇರುತ್ತದೆ. ದಿನಕ್ಕೆ 36 ಹಡಗುಗಳೆಂದರೆ ಕಾಲು ಟಿಎಂಸಿ. 37 ಟಿಎಂಸಿ ಸಾಮರ್ಥ್ಯದ ಹೇಮಾವತಿ ತುಂಬಿ ತುಳುಕಿದರೂ ಈ ಲೆಕ್ಕದಲ್ಲಿ ಐದು ತಿಂಗಳಿಗೆ ಸಾಲದು! ಹೊಸ ಲಾಕ್‌ಗಳು ಬಳಸಿದ ನೀರಿನ ಶೇ 60ರಷ್ಟನ್ನು ಮರುಬಳಕೆ ಮಾಡುತ್ತವೆಯಾದರೂ, ದೇಶದ ಅರ್ಧಕ್ಕಿಂತ ಹೆಚ್ಚು ಜನರ ಕುಡಿಯುವ ನೀರಿಗೂ ಇದೇ ಜಲಮೂಲವೇ ಆಧಾರ. 2023ರಲ್ಲಿ ಮಳೆ ಕೈಕೊಟ್ಟಾಗ ಹಡಗುಗಳ ಸಂಖ್ಯೆಯನ್ನು ಹಂತಹಂತವಾಗಿ ದಿನಕ್ಕೆ 22ಕ್ಕೆ ಇಳಿಸಬೇಕಾಯಿತು. 2024ರ ಮಳೆಯ ಬಳಿಕವಷ್ಟೇ ಸ್ಥಿತಿ ಸುಧಾರಿಸಿತು.

ಈ ಕೊರತೆಗೆ ಪರಿಹಾರವಾಗಿ ರಿಯೊ ಇಂಡಿಯೊ ನದಿಗೆ ಮತ್ತೊಂದು ಅಣೆಕಟ್ಟೆ ಕಟ್ಟಲು ಕಾಲುವೆ ಪ್ರಾಧಿಕಾರ ಯೋಜನೆ ರೂಪಿಸಿದೆ. ಇದರಿಂದ ಸುಮಾರು ಎರಡು ಸಾವಿರ ಮಂದಿ ಮನೆ ತೊರೆಯಬೇಕಾಗುತ್ತದೆ. ನದಿ ಪಾತ್ರದ ರೈತರು ಇದನ್ನು ವಿರೋಧಿಸಿದ್ದಾರೆ.

ಶತಮಾನದ ಹಿಂದೆ ಗಾಟುನ್ ತುಂಬಿದಾಗಲೂ ಹಳ್ಳಿಗಳು ಮುಳುಗಿದ್ದವು; ಬೆಟ್ಟದ ನೆತ್ತಿಗಳು ದ್ವೀಪಗಳಾದವು. ಆ ಚಿತ್ರ ಹಾಸನ ಜಿಲ್ಲೆಗೆ ಹೊಸದೇನಲ್ಲ. 1979ರಲ್ಲಿ ಪೂರ್ಣಗೊಂಡ ಹೇಮಾವತಿ ಅಣೆಕಟ್ಟೆಯ ಹಿನ್ನೀರಿನಲ್ಲಿ ಶೆಟ್ಟಿಹಳ್ಳಿಯ ಹಳೆಯ ಚರ್ಚ್ ಮಳೆಗಾಲದಲ್ಲಿ ಮುಳುಗಿ, ಬೇಸಿಗೆಯಲ್ಲಿ ಮೇಲೇಳುತ್ತದೆ. ಅದರ ಚಿತ್ರ ತೆಗೆಯಲು ಬರುವ ಪ್ರವಾಸಿಗರಲ್ಲಿ ಅಲ್ಲಿದ್ದ ಊರನ್ನು ನೆನೆಯುವವರು ಎಷ್ಟು ಮಂದಿ? ಪನಾಮಾಕ್ಕೆ ಹೋದವರೂ ಹಡಗಿನಿಂದ ಕಣ್ಣು ಸರಿಸಿ, ಅದನ್ನು ಎತ್ತಿ ಹಿಡಿದಿರುವ ನೀರು ಯಾರ ನೆಲದ ಮೇಲೆ ನಿಂತಿದೆಯೆಂದು ಒಮ್ಮೆ ಯೋಚಿಸಿದರೆ ಪ್ರವಾಸ ಸಾರ್ಥಕ.